ಮೊಣತುಟಿ ಇರುವ ಜಾಗ

ಯಾವ ದ್ವೀಪ ಎಂದು ಕೇಳಬೇಡಿ, ಹೇಳುವುದಿಲ್ಲ. ಡೆನ್ಮಾರ್ಕಿನಲ್ಲಿ ದ್ವೀಪಗಳಿಗೆ ಬರವಿಲ್ಲ. ಸುಣ್ಣದ ನೆಲವೂ ಬೀಚ್ ಮರಗಳ ಕಾಡೂ ಇರುವಂಥವು ಕೆಲವಿವೆ, ಅವುಗಳಲ್ಲಿ ಒಂದು ಎಂದಿಟ್ಟುಕೊಳ್ಳಿ. ನಮ್ಮ ಜನರನ್ನು ಸಂಬಳ ಎಷ್ಟು ಎಂದು ಕೇಳಿದರೆ ಮುಖ ಸಿಂಡರಿಸಿಯಾದರೂ ಹೇಳಿಯಾರು. ಅಣಬೆ ಕೀಳುವ ಜಾಗ ಎಲ್ಲಿ ಎಂದು ಕೇಳಿದರೆ ಮಾತ್ರ ಮಳೆ ಬಿಸಿಲಿನ ಸುದ್ದಿ ತೆಗೆಯುತ್ತಾರೆ. ಯಾರಾದರೂ ಕಾರಣವಿಲ್ಲದೆ ಮಳೆಯ ಮಾತು ಶುರು ಮಾಡಿದರೆ, ಅವರಿಗೆ ಎಲ್ಲೋ ಏನೋ ಸಿಕ್ಕಿದೆ ಎಂದೇ ಅರ್ಥ. ಇನ್ನು ಆರ್ಕಿಡ್ ಹುಡುಕುವವರಂತೂ ಕಟ್ಟಿಕೊಂಡವರ ಹತ್ತಿರವೂ ಬಾಯಿ ಬಿಡದ ಪೈಕಿ.

ಈ ಕಥೆಯ ಆರ್ಕಿಡ್‌ಗೆ ನಮ್ಮ ಭಾಷೆಯಲ್ಲಿ ಮೊಣಕಾಲ್ತುಟಿ ಎಂದು ಹೆಸರು. ಹೆಸರಿಟ್ಟ ಮಹಾಶಯ ಮೊಣಕಾಲನ್ನು ಸರಿಯಾಗಿ ನೋಡಿದ್ದನೋ ಇಲ್ಲವೋ, ನನಗೆ ಅನುಮಾನ. ಮೊಣತುಟಿ ಎಂದರೆ ಸಾಕು. ಅದಕ್ಕೆ ಎಲೆಯಿಲ್ಲ, ಹಸಿರಿಲ್ಲ. ಗೇಣುದ್ದದ ಮಾಸಲು ಹಳದಿ ದಂಟು, ತುದಿಯಲ್ಲಿ ಎರಡೋ ಮೂರೋ ಬಿಳಿಚಿಕೊಂಡ ಹೂ. ಆಗಸ್ಟಿನಲ್ಲಿ ಕೊಳೆತ ಎಲೆಗಳ ನಡುವೆ ಎದ್ದು ಸ್ವಲ್ಪ ದಿನ ನಿಂತರೆ ನಿಂತಿತು, ಇಲ್ಲವಾದರೆ ವರ್ಷಗಟ್ಟಲೆ ನಾಪತ್ತೆ. ಮಣ್ಣಿನೊಳಗೆ ಅಣಬೆಯ ಎಳೆಗಳಿಂದ ಊಟ ಕಸಿದುಕೊಂಡು ಬದುಕುತ್ತದೆ. ಬಿಸಿಲಿನ ಹಂಗಿಲ್ಲ. ನಮ್ಮ ದೇಶದಲ್ಲಿ ಅದರ ಸಂತತಿ ಮುಗಿಯಿತೆಂದೇ ಬಹಳ ಜನ ನಂಬಿದ್ದರು.

ನಾನು ಮೆರೆಟೆ. ಕೋಪನ್‌ಹೇಗನ್ನಿನ ಒಂದು ಪ್ರಯೋಗಾಲಯದಲ್ಲಿ ಗಿಡಗಳ ಡಿಎನ್‌ಎ ಓದುವುದು ನನ್ನ ಹೊಟ್ಟೆಪಾಡು. ಹಸಿರು ಗಿಡದಲ್ಲಿ ಬಿಸಿಲಿನಿಂದ ಆಹಾರ ತಯಾರಿಸುವ ಸಣ್ಣ ಕಣಗಳಿರುತ್ತವಲ್ಲ, ಕ್ಲೋರೋಪ್ಲಾಸ್ಟ್, ಅವುಗಳೊಳಗೆ ಅವುಗಳದ್ದೇ ಒಂದು ಡಿಎನ್‌ಎ ಉಂಗುರ ಇರುತ್ತದೆ. ಸಾಧಾರಣ ಗಿಡದಲ್ಲಿ ಅದು ಒಂದೂವರೆ ಲಕ್ಷ ಅಕ್ಷರಗಳಷ್ಟು ಉದ್ದ. ಹಸಿರನ್ನೇ ಬಿಟ್ಟುಕೊಟ್ಟ ಮೊಣತುಟಿಯಲ್ಲೂ ಉಂಗುರ ಉಂಟು, ಆದರೆ ಐದರಲ್ಲಿ ಒಂದು ಪಾಲು ಮಾತ್ರ. ಬಿಸಿಲಿಗೆ ಬೇಕಾದ ಸಾಮಾನನ್ನೆಲ್ಲ ಕಳಚಿ ಎಸೆದು, ಇಲ್ಲದಿದ್ದರೆ ಪ್ರಾಣವೇ ಹೋಗುತ್ತದೆ ಎನ್ನುವಷ್ಟನ್ನು ಉಳಿಸಿಕೊಂಡಿದೆ. ನಮ್ಮ ದೇಶದ ಮೊಣತುಟಿಯ ಉಂಗುರವನ್ನು ಯಾರೂ ಓದಿರಲಿಲ್ಲ. ಓದಬೇಕಾದರೆ ಗಿಡ ಸಿಗಬೇಕಲ್ಲ.

ಸಿಕ್ಕಿತು. ಎಬ್ಬೆ ತಂದ.

ಎಬ್ಬೆ ಆ ದ್ವೀಪದ ನಿವೃತ್ತ ಮೇಷ್ಟ್ರು. ನೀಳವಾದ ಮನುಷ್ಯ, ಕಾಡಿನಲ್ಲಿ ಬಗ್ಗಿ ಬಗ್ಗಿ ಬೆನ್ನು ಹಾಗೇ ನಿಂತುಬಿಟ್ಟಿದೆ. ಆಗಸ್ಟಿನ ಒಂದು ದಿನ ಹೆರಿಂಗ್ ಮೀನಿನ ಖಾಲಿ ಜಾಡಿಯೊಂದನ್ನು ನನ್ನ ಮೇಜಿನ ಮೇಲಿಟ್ಟ. ಒಳಗೆ ಹೊಸ ಶೂ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಹರಳು, ಹರಳಿನ ನಡುವೆ ಒಂದು ದಂಟು. ನಮ್ಮಲ್ಲಿ ರಾಜಮನೆತನದವರನ್ನು ಬಿಟ್ಟು ಮಿಕ್ಕವರಿಗೆಲ್ಲ ಏಕವಚನವೇ, ಆದ್ದರಿಂದ ನಮ್ಮ ಮಾತು ಒರಟಾಗಿ ಕೇಳಿಸಿದರೆ ತಪ್ಪು ತಿಳಿಯಬೇಡಿ.

"ಎಲ್ಲಿಂದ ತಂದೆ ಅಂತ ಕೇಳ್ಬಾರ್ದು," ಎಂದ.

"ನಾನೆಲ್ಲಿ ಕೇಳ್ದೆ?"

"ಮುಂದೇನೂ ಕೇಳ್ಬಾರ್ದು. ನಾನ್ ತಂದುಕೊಟ್ಟೆ ಅಂತ್ಲೂ ಯಾರಿಗೂ ಹೇಳ್ಬಾರ್ದು. ಆಣೆ ಮಾಡು."

"ಯಾರ ಮೇಲೆ ಮಾಡ್ಲಿ? ದೇವ್ರ ಮೇಲಾ?"

"ದೇವ್ರನ್ನ ಯಾರು ನಂಬ್ತಾರೆ? ನಿನ್ ಪಿಂಚಣಿ ಮೇಲೆ ಮಾಡು."

ಮಾಡಿದೆ. ಆಮೇಲೆ ಅವನ ಮುಖ ಸ್ವಲ್ಪ ಸಡಿಲವಾಯಿತು. "ನಾಲ್ಕು ದಂಟು ಎದ್ದಿತ್ತು ಕಣೇ," ಎಂದು ಪಿಸುಗುಟ್ಟಿದ. "ಒಂದನ್ನ ಕುಯ್ದೆ. ಕುಯ್ಬಾರ್ದಿತ್ತು. ಆದ್ರೆ ಫೋಟೋ ತೋರ್ಸಿದ್ರೆ ಹಳೇದು ಅಂತಾರೆ, ಎಲ್ಲಿಂದ್ಲೋ ಕದ್ದದ್ದು ಅಂತಾರೆ. ನೀನು ಅಕ್ಷರ ಓದಿ ಹೇಳಿದ್ರೆ ಯಾರೂ ಕೆಮ್ಮೋಹಾಗಿಲ್ಲ."

ಇದಾಗಿ ಒಂದು ವಾರ ಕಳೆದಿರಬೇಕು, ತೋರಾ ಬಂದಳು. ಅವಳೂ ಅದೇ ದ್ವೀಪದವಳು, ಬಹಳ ವರ್ಷ ದನದ ಡಾಕ್ಟರಾಗಿದ್ದವಳು. ದಪ್ಪ ಮಣಿಕಟ್ಟು, ಸಣ್ಣ ಕಣ್ಣು. ಬಿಸ್ಕೆಟ್ ಡಬ್ಬಿಯಿಂದ ಒಂದು ಕಾಗದದ ಟೀ ಚೀಲ ತೆಗೆದಳು. ಟೀ ಸುರಿದು, ತೊಳೆದು, ಒಣಗಿಸಿ, ಒಳಗೆ ದಂಟಿಟ್ಟು ಹೊಲಿದಿದ್ದಳು. ಹೊಲಿಗೆ ಹಸುವಿನ ಹೊಟ್ಟೆಗೆ ಹಾಕುವಷ್ಟು ಗಟ್ಟಿಯಾಗಿತ್ತು.

"ಮೂರಿತ್ತು, ಒಂದನ್ನ ತಂದೀನಿ. ಆಣೆಗೀಣೆ ಏನೂ ಬೇಡ," ಎಂದಳು. "ಬಾಯ್ಬಿಟ್ರೆ ಏನಾಗುತ್ತೆ ಅಂತ ನಮ್ಮೂರಿನ ಹೋರಿಗಳನ್ನ ಕೇಳು."

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮುಗಿದೇಹೋಯಿತೆಂದಿದ್ದ ಗಿಡ ಒಂದೇ ದ್ವೀಪದ ಎರಡು ಕಡೆ ಬದುಕಿದೆ! ಒಂದು ಕಡೆ ಜಿಂಕೆ ತಿಂದರೂ ಇನ್ನೊಂದು ಉಳಿಯುತ್ತದೆ. ಇಬ್ಬರಿಗೂ ಹೇಳಿಬಿಡಬೇಕೆಂದು ನಾಲಿಗೆ ತುರಿಸುತ್ತಿತ್ತು, ಹೇಳುವಂತಿರಲಿಲ್ಲ. ಏಕೆಂದರೆ ಎಬ್ಬೆ ಮತ್ತು ತೋರಾ ಮಾತು ಬಿಟ್ಟವರು. ಒಂದು ಕಾಲದಲ್ಲಿ ಇಬ್ಬರೂ ಒಟ್ಟಿಗೇ ಕಾಡು ಸುತ್ತುತ್ತಿದ್ದರು. ಬೇರೊಂದು ಅಪರೂಪದ ಆರ್ಕಿಡ್ಡನ್ನು ಜೊತೆಯಾಗಿಯೇ ಕಂಡುಹಿಡಿದಿದ್ದರು, ಜಾಗ ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗಿಡವಿದ್ದಲ್ಲಿ ಗುಂಡಿ. ಯಾರೋ ಬೇರು ಸಮೇತ ಅಗೆದುಕೊಂಡು ಹೋಗಿದ್ದರು. ತಾನು ಬಾಯಿ ಬಿಟ್ಟಿಲ್ಲ ಎಂದು ಎಬ್ಬೆಗೆ ಗೊತ್ತಿತ್ತು, ಹಾಗಾಗಿ ತೋರಾಳೇ ಬಿಟ್ಟಿದ್ದಾಳೆ. ತೋರಾಳ ಲೆಕ್ಕವೂ ಅದೇ, ತಿರುಗಾಮುರುಗಾ. ಅಂದಿನಿಂದ ಆ ದ್ವೀಪದ ಒಂದೇ ಸಹಕಾರಿ ಅಂಗಡಿಗೆ ಅವಳು ಬೆಳಿಗ್ಗೆ ಹೋದರೆ ಅವನು ಮಧ್ಯಾಹ್ನ ಹೋಗುತ್ತಾನೆ.

ಚಳಿಗಾಲವಿಡೀ ಕೆಲಸ ನಡೆಯಿತು. ದಂಟನ್ನು ಅರೆದು ಡಿಎನ್‌ಎ ತೆಗೆದರೆ ಅದು ಚೂರುಚೂರಾಗಿಯೇ ಬರುತ್ತದೆ. ಯಂತ್ರ ಚೂರುಗಳನ್ನು ಓದುತ್ತದೆ, ನಾವು ತುದಿಗೆ ತುದಿ ಹೊಂದಿಸಿ ಉಂಗುರ ಕಟ್ಟುತ್ತೇವೆ. ಎಬ್ಬೆಯ ಉಂಗುರ ಮೊದಲು ಕೂಡಿತು, ಆಮೇಲೆ ತೋರಾಳದ್ದು. ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಒಂದಕ್ಷರವೂ ವ್ಯತ್ಯಾಸವಿಲ್ಲ.

ಇದರಿಂದ ಏನೂ ಹೇಳಲಾಗುವುದಿಲ್ಲ. ತಾಯಿಯ ಉಂಗುರವೇ ಸಾಮಾನ್ಯವಾಗಿ ಮಕ್ಕಳಿಗೆಲ್ಲ ಬರುತ್ತದೆ, ಅಕ್ಕತಂಗಿಯರ ಹಾಗೆ ಎರಡು ಗಿಡ ಬೇರೆಬೇರೆ ಕಡೆ ಇರಬಹುದು. ಆದರೆ ಉಂಗುರ ಕಟ್ಟಿದ ಮೇಲೆ ರಾಶಿ ಚೂರುಗಳು ಉಳಿಯುತ್ತವೆ, ಗಿಡದ ಉಳಿದ ಡಿಎನ್‌ಎ. ಅವನ್ನು ನಾವು ತಿರುಗಿಯೂ ನೋಡುವುದಿಲ್ಲ. ಆ ಸಲ ನನಗೆ ಏನೋ ಕಸಿವಿಸಿ. ನೋಡಿದೆ. ಅವೂ ಒಂದೇ. ದಂಟಿನ ಬುಡಕ್ಕೆ ಅಂಟಿಕೊಂಡು ಬಂದಿದ್ದ ಅಣಬೆಯ ಡಿಎನ್‌ಎ ಕೂಡ ಒಂದೇ. ಇವು ಅಕ್ಕತಂಗಿಯರಲ್ಲ, ಒಂದೇ ಮೈ.

ನನಗೆ ತಲೆ ಕೆಟ್ಟಿತು. ಯಂತ್ರ ನೋಡಿಕೊಳ್ಳುವ ಲಾಸೆಯ ಮೇಲೆ ಹಾರಾಡಿದೆ.

"ಎರಡು ಕೊಳವೇಲೂ ಒಂದೇ ಸರಕು ಹಾಕಿದೀಯ!"

"ಹಾಕಿಲ್ಲ."

"ಹಾಕಿದೀಯ. ಕಾಫಿ ಕುಡೀತಾ ಕೆಲಸ ಮಾಡಿರ್ತೀಯ."

"ಮೆರೆಟೆ, ಕೊಳವೆ ತುಂಬ್ಸಿದ್ದು ನೀನು," ಎಂದ ಅವನು, ತಣ್ಣಗೆ.

ಅದು ನಿಜವಾಗಿತ್ತು. ಜಾಡಿಯಲ್ಲೂ ಟೀ ಚೀಲದಲ್ಲೂ ಉಳಿದಿದ್ದ ದಂಟಿನ ತುಣುಕು ತೆಗೆದು, ಬೇರೆ ಬೇರೆ ಕೋಣೆಯಲ್ಲಿಟ್ಟು, ಇಡೀ ಕೆಲಸವನ್ನು ಮತ್ತೆ ಮಾಡಿದೆವು. ಮತ್ತೆ ಅದೇ.

ಏಪ್ರಿಲ್ ಹೊತ್ತಿಗೆ ಎಬ್ಬೆಗೆ ಫೋನ್ ಮಾಡಿದೆ. ಜಾಗ ಕೇಳುವಂತಿಲ್ಲ, ಆದ್ದರಿಂದ "ನಿನ್ನ ಗಿಡ ಕ್ಷೇಮವೇ?" ಎಂದೆ. ಕೆರಳಿದ.

"ಏನ್ ಕ್ಷೇಮ! ಯಾರಿಗೋ ಜಾಗ ಗೊತ್ತಾಗಿದೆ. ಜಿಂಕೆ ಬಾಯಿ ಹಾಕ್ದೇ ಇರ್ಲಿ ಅಂತ ಕೋಳಿಗೂಡಿನ ತಂತಿಬಲೆ ಮುಚ್ಚಿಟ್ಟಿದ್ದೆ. ಕಿತ್ತೆಸೆದಿದಾರೆ. ಇನ್ನೊಂದಿಟ್ಟೆ, ಅದನ್ನೂ ಕಿತ್ರು. ಮೇಲಾಗಿ ಸುತ್ತ ಮೊಟ್ಟೆ ಸಿಪ್ಪೆ ಚೆಲ್ಲಿದಾರೆ, ಮತ್ತೆ ಬರೋಕೆ ಗುರುತು! ನಾನ್ ಗುಡಿಸಿ ಹಾಕ್ದಷ್ಟೂ ಮತ್ತೆ ಚೆಲ್ತಾರೆ."

ತೋರಾಗೆ ಮಾಡಿದೆ. ಅವಳು ಕೆರಳುವವಳಲ್ಲ, ಆದರೆ ದನಿ ದಪ್ಪವಾಗಿತ್ತು.

"ಕಳ್ಳ ಬಿದ್ದಿದಾನೆ. ನನ್ ಗಿಡದ ಮೇಲೆ ತಂತಿಬಲೆ ಮುಚ್ಚಿ ತನ್ನದು ಅಂತ ಗುರುತು ಮಾಡ್ಕೊಂಡಿದಾನೆ. ನಾನೂ ಬಿಡಲ್ಲ, ಇಟ್ಟಾಗೆಲ್ಲ ಸಮುದ್ರಕ್ಕೆ ಎಸ್ದಿದೀನಿ. ಹುಳ ಹತ್ತದ ಹಾಗೆ ಮೊಟ್ಟೆ ಸಿಪ್ಪೆ ಹಾಕಿದ್ರೆ ಅದನ್ನೂ ಗುಡಿಸ್ತಾನೆ, ಬೇವರ್ಸಿ."

ಫೋನ್ ಇಟ್ಟೆ. ಮೊದಲು ನಗು ಬಂತು. ಆಮೇಲೆ ಎಬ್ಬೆಯ ನಾಲ್ಕು ದಂಟು, ತೋರಾಳ ಮೂರು ದಂಟು ನೆನಪಾಗಿ ನಗು ನಿಂತಿತು. ದೇಶದಲ್ಲಿ ಉಳಿದಿರುವುದು ಎರಡಲ್ಲ, ಒಂದೇ ಗಿಡ. ಅದರ ಇಬ್ಬರು ಕಾವಲುಗಾರರು ಒಬ್ಬರ ಕಾವಲನ್ನು ಇನ್ನೊಬ್ಬರು ಕೀಳುತ್ತ, ಅದರ ತಲೆಯ ಮೇಲೇ ಓಡಾಡುತ್ತಿದ್ದಾರೆ.

ಮೇ ಮೊದಲ ವಾರ ಎಬ್ಬೆಯೇ ಫೋನ್ ಮಾಡಿದ. "ತೀರ್ಮಾನ ಮಾಡ್ಬಿಟ್ಟೆ," ಎಂದ. "ಆ ಕಳ್ಳ ಅಗೆಯೋಕ್ಮುಂಚೆ ನಾನೇ ಅಗೆದು ಬೇರೆ ಕಡೆ ನೆಡ್ತೀನಿ. ಸುತ್ತಲ ಮಣ್ಣು ಸಮೇತ ಎತ್ತೀನಿ, ಏನೂ ಆಗಲ್ಲ."

ಏನೂ ಆಗಲ್ಲ! ಮೊಣತುಟಿಯನ್ನು ಅಗೆದು ನೆಟ್ಟು ಬದುಕಿಸಿದವರು ನನಗೆ ತಿಳಿದಂತೆ ಯಾರೂ ಇಲ್ಲ. ಅದಕ್ಕೆ ಆ ಅಣಬೆ ಬೇಕು, ಆ ಅಣಬೆಗೆ ಆ ಮರದ ಬೇರು ಬೇಕು. ಸನಿಕೆ ನೆಲಕ್ಕೆ ಬಿದ್ದರೆ ಕಥೆ ಮುಗಿದಂತೆ. ಎಷ್ಟು ಹೇಳಿದರೂ ಅವನ ಕಿವಿಗೆ ಹೋಗಲಿಲ್ಲ. ಒಂದು ಗುಂಡಿಯನ್ನು ನೋಡಿದ ಮನುಷ್ಯ ಅವನು, ಇನ್ನೊಂದನ್ನು ನೋಡಲು ತಯಾರಿರಲಿಲ್ಲ. ದ್ವೀಪಕ್ಕೆ ಸೇತುವೆ ಇದೆ, ನಾನು ಮೊದಲ ಬಸ್ಸು ಹತ್ತಿದೆ.

ಅವನ ಅಡುಗೆಮನೆಯಲ್ಲಿ ಕಾಫಿ ಕಾಯುತ್ತಿತ್ತು, ಬಾಗಿಲಿಗೆ ಸನಿಕೆ ಒರಗಿತ್ತು. ನಾನು ಕೋಟು ಬಿಚ್ಚಲಿಲ್ಲ.

"ಎಬ್ಬೆ, ನಿನ್ ಕಳ್ಳ ಕಳ್ಳ ಅಲ್ಲ. ಅದು ತೋರಾ."

ಗುಟ್ಟು ಬಿಟ್ಟುಕೊಟ್ಟದ್ದು ಹೀಗೆ. ಬಿಟ್ಟುಕೊಟ್ಟದ್ದಕ್ಕೆ ಆಗಲೂ ಬೇಸರವಾಗಲಿಲ್ಲ, ಈಗಲೂ ಇಲ್ಲ. ಪೆದ್ದುತನ ಮಾಡಿದ್ದು ಬೇರೆ ಕಡೆ: ಆ ಹೆಸರು ಕೇಳಿದರೆ ಅವನು ಸಮಾಧಾನಗೊಳ್ಳುತ್ತಾನೆ ಎಂದುಕೊಂಡಿದ್ದೆ. ಎಬ್ಬೆಯ ಮುಖದ ಬಣ್ಣವೇ ಇಳಿದುಹೋಯಿತು.

"ತೋರಾ," ಎಂದ. "ಮುಂಚಿನದನ್ನ ತಿಂದ್ಲು. ಈಗ ಇದಕ್ಕೂ ಬಂದ್ಲು."

ಮುಂದಿನ ಮಾತು ಕೇಳಿಸಿಕೊಳ್ಳಲು ಅವನು ಅಲ್ಲಿರಲಿಲ್ಲ. ಸನಿಕೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟೇಬಿಟ್ಟ. ನಾನು ತೋರಾಳ ಮನೆಗೆ ಓಡಿದೆ. ಅವಳು ರೈ ರೊಟ್ಟಿಗೆ ಲಿವರ್ ಪೇಸ್ಟ್ ಹಚ್ಚುತ್ತಿದ್ದಳು. ಎಬ್ಬೆ ಕಾಯುತ್ತಿರುವುದೂ ಅದೇ ಗಿಡ, ಈಗ ಅಗೆಯಲು ಹೋಗಿದ್ದಾನೆ ಎಂದಷ್ಟನ್ನು ಏದುಸಿರಿನಲ್ಲೇ ಒದರಿದೆ; ಪಿಂಚಣಿ ಮೇಲಿನ ಆಣೆ ಅಲ್ಲಿಗೆ ಮುರಿಯಿತು. ಅವಳು ರೊಟ್ಟಿಯನ್ನು ಕೆಳಗಿಟ್ಟು ಕಾರಿನ ಕೀಲಿ ತೆಗೆದುಕೊಂಡಳು. ಕಾರು ಊರು ದಾಟುತ್ತಿದ್ದಂತೆ ನನ್ನ ಕಡೆ ತಿರುಗಿದಳು.

"ಕಣ್ಮುಚ್ಕೋ."

"ಏನು?"

"ದಾರಿ ನೋಡ್ಬೇಡ. ಶಾಲು ಸುತ್ಕೊಂಡು ಕಣ್ಮುಚ್ಕೋ ಅಂದೆ."

"ತೋರಾ, ಅವ್ನು ಅಲ್ಲಿ ಗಿಡ ಅಗೀತಿದಾನೆ!"

"ಅಗೀಲಿ. ಕಣ್ಮುಚ್ಚೋವರೆಗೂ ಕಾರು ಮುಂದೆ ಹೋಗಲ್ಲ."

ಆದ್ದರಿಂದ ಆ ದಾರಿ ನನಗೆ ನಿಜವಾಗಿಯೂ ಗೊತ್ತಿಲ್ಲ. ಶಾಲು ತೆಗೆದಾಗ ಬೀಚ್ ಮರಗಳ ನಡುವೆ ನಿಂತಿದ್ದೆ. ಎಲೆಗಳು ಹೊಸದಾಗಿ ಬಿಚ್ಚಿದ್ದವು, ಕಾಡು ತುಂಬ ಎಳೆ ಹಸಿರು ಬೆಳಕು. ಬಿದ್ದ ಮರವೊಂದರ ಪಕ್ಕ ಎಬ್ಬೆ ಸನಿಕೆಯ ಅಲಗನ್ನು ನೆಲಕ್ಕೆ ಊರಿ, ಒಂದು ಕಾಲನ್ನು ಅದರ ಮೇಲಿಟ್ಟುಕೊಂಡಿದ್ದ. ತುಳಿದಿರಲಿಲ್ಲ. 

"ಹತ್ರ ಬಂದ್ರೆ ತುಳಿದ್ಬಿಡ್ತೀನಿ," ಎಂದ.

"ತುಳಿ ನೋಡೋಣ," ಎಂದಳು ತೋರಾ. ಅಷ್ಟು ವರ್ಷಗಳ ಮೇಲೆ ಅವನಿಗೆ ಅವಳು ಆಡಿದ ಮೊದಲ ಮಾತು ಅದು. "ಮುಂಚಿನ ಗಿಡ ಮಾರಿದ್ದು ಸಾಲ್ಲಿಲ್ವಾ?"

"ನಾನಾ? ಬಾಯ್ಬಿಟ್ಟೋಳು ನೀನು!"

"ನಾನ್ ಬಾಯ್ಬಿಟ್ಟಿದ್ರೆ ಈ ಜಾಗಕ್ಕೆ ದಿನಾ ಬಂದು ಮೊಟ್ಟೆ ಸಿಪ್ಪೆ ಯಾಕೋ ಹಾಕ್ತಿದ್ದೆ?"

"ಗುರುತಿಗೆ."

"ಗುರುತಿಗಾ! ಚಿಪ್ಪಿಲ್ಲದ ಬಸವನಹುಳು ಸಿಪ್ಪೆ ದಾಟಲ್ಲ ಕಣೋ ಪೆದ್ದ. ಮಕ್ಕಳಿಗೆ ಅಷ್ಟು ವರ್ಷ ಏನ್ ಪಾಠ ಮಾಡ್ದೆ ನೀನು? ಚಳಿಗಾಲವೆಲ್ಲ ಎರಡೆರಡು ಮೊಟ್ಟೆ ತಿಂದು ನಂಗೆ ವಾಕರಿಕೆ ಬಂದೋಗಿದೆ."

ಎಬ್ಬೆ ನೆಲ ನೋಡಿದ. ಪುಡಿ ಮಾಡಿದ ಸಿಪ್ಪೆಯನ್ನು ಯಾರೋ ತಾಳ್ಮೆಯಿಂದ ದುಂಡಗೆ ಸುತ್ತಲೂ ಹಾಕಿದ್ದರು. ಗುರುತು ಮಾಡುವವರು ಅಷ್ಟು ತಾಳ್ಮೆ ತೋರುವುದಿಲ್ಲ. ಅವನ ದನಿ ಇಳಿಯಿತು.

"ಬಲೆ ನಂದು," ಎಂದ. "ಜಿಂಕೆಗೆ."

"ಯಾವ ಬಲೆ?"

"ತಂತಿಬಲೆ. ಇಟ್ಟಿದ್ದೆಲ್ಲ ಯಾರೋ ಕಿತ್ತೆಸೆದ್ರು."

 ತೋರಾಳ ಸಣ್ಣ ಕಣ್ಣುಗಳು ಮೊದಲ ಸಲ ನೆಲಕ್ಕೆ ಇಳಿದವು. "ನಾನೇ," ಎಂದಳು. ಎಬ್ಬೆ ಸನಿಕೆಯಿಂದ ಕಾಲು ತೆಗೆದ.

ಅಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆದರೆ ಎಬ್ಬೆ ಮೇಷ್ಟ್ರು, ಲೆಕ್ಕ ಅರ್ಧಕ್ಕೆ ಬಿಡುವವನಲ್ಲ.

"ಹೋದ ಆಗಸ್ಟಲ್ಲಿ ನೀನ್ ನೋಡ್ದಾಗ ಎಷ್ಟಿತ್ತು?"

"ಮೂರು. ಒಂದನ್ನ ಕುಯ್ದೆ. ಇವ್ಳಿಗೆ ಕೊಡೋಕೆ."

"ಅದಕ್ಕೂ ಮುಂಚೆ ನಾಲ್ಕಿತ್ತು. ನಾನೂ ಒಂದನ್ನ ಕುಯ್ದಿದ್ದೆ. ಇವ್ಳಿಗೇ."

 ದೇಶದಲ್ಲಿದ್ದದ್ದು ನಾಲ್ಕು ಹೂದಂಟು. ಎರಡನ್ನು ಅದರ ಮೇಲೆ ಪ್ರಾಣ ಇಟ್ಟುಕೊಂಡವರೇ ಕತ್ತರಿಸಿದ್ದರು, ಇದು ಒಂದೇ ಒಂದು ಸಲ ಎಂದು ತಮಗೆ ತಾವೇ ಹೇಳಿಕೊಂಡು. ಆ ಎರಡನ್ನೂ ಅರೆದವಳು ನಾನು.  ತೋರಾ ಬಿದ್ದ ಮರದ ಮೇಲೆ ಕುಸಿದು ಕೂತಳು, ಸ್ವಲ್ಪ ಹೊತ್ತಿಗೆ ಎಬ್ಬೆಯೂ ಅದರ ಇನ್ನೊಂದು ತುದಿಯಲ್ಲಿ ಕೂತ.

"ಹಾಗಾದ್ರೆ ಮುಂಚಿನದನ್ನ ಅಗೆದೋರು ಯಾರು?" ಎಂದ ಎಬ್ಬೆ.

"ನಂಗೊತ್ತಿಲ್ಲ," ಎಂದಳು ತೋರಾ.

"ನಂಗೂ ಗೊತ್ತಿಲ್ಲ."

ಇಷ್ಟೇ ಎರಡು ಮಾತನ್ನು ಅಂದೇ ಆಡಿಕೊಂಡಿದ್ದರೆ! ಆಡಿಕೊಂಡಿರಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೆ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ.

"ಪಿಂಚಣಿ ಮೇಲೆ ಆಣೆ ಮಾಡಿದ್ಲು," ಎಂದ ಎಬ್ಬೆ, ತೋರಾಗೆ.

"ಹೌದಾ?" ಎಂದಳು ತೋರಾ.

ಆ ಆಗಸ್ಟಿನಲ್ಲಿ ಮೊಣತುಟಿ ಏಳಲಿಲ್ಲ. ನನ್ನನ್ನೂ ಕರೆದಿದ್ದರು, ಶಾಲು ಸುತ್ತಿಯೇ ಕರೆದುಕೊಂಡು ಹೋದರು. ಒಂದೇ ತಂತಿಬಲೆ, ಅದರ ಸುತ್ತ ಮೊಟ್ಟೆ ಸಿಪ್ಪೆ, ದೂರದಲ್ಲಿ ಕೂರಲು ಹಾಸಿದ ಹಲಗೆ. ಥರ್ಮಾಸ್‌ನಿಂದ ಕಾಫಿ ಬಗ್ಗಿಸಿಕೊಂಡು ಖಾಲಿ ನೆಲ ನೋಡುತ್ತ ಕೂತೆವು. ಅದರ ಮರುವರ್ಷವೂ ಏಳಲಿಲ್ಲ. ಅಷ್ಟರಲ್ಲಿ ನನ್ನ ಲೇಖನ ಅಚ್ಚಾಗಿತ್ತು: ಒಂದು ಗಿಡ, ಎರಡು ದಂಟು, ಇಡೀ ಉಂಗುರ, ಜಾಗ ಗುಪ್ತ. ಕೊನೆಯಲ್ಲಿ ಇಬ್ಬರ ಹೆಸರನ್ನೂ ಒಂದೇ ಸಾಲಿನಲ್ಲಿ ಹಾಕಿ ಕೃತಜ್ಞತೆ ಹೇಳಿದ್ದೆ. ಪ್ರಶಂಸೆಗಳು ಬಂದವು. ನನಗೆ ಅವು ರುಚಿಸಲಿಲ್ಲ. ಅಳಿದುಹೋದ ಗಿಡವೊಂದರ ಅಕ್ಷರಗಳು ನನ್ನ ಹತ್ತಿರ ಸುರಕ್ಷಿತವಾಗಿದ್ದವು, ಅಷ್ಟೇ ತಾನೆ? ಆ ಮರುವರ್ಷದ ವಾಪಸು ಪ್ರಯಾಣದಲ್ಲಿ ಬಸ್ಸಿನಲ್ಲಿ ಅತ್ತೆ.

ಮೂರನೆಯ ಆಗಸ್ಟು. ನಾನು ಹೊರಡಲು ಚೀಲ ಕಟ್ಟುತ್ತಿದ್ದೆ, ತೋರಾಳ ಫೋನ್ ಬಂತು.

"ಮೆರೆಟೆ, ಈ ವರ್ಷ ನೀನು ಬರೋದ್ ಬೇಡ."

"ಯಾಕೆ? ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಬರ್ಬೇಡ ಅಷ್ಟೇ."

"ಎಬ್ಬೆ ಎಲ್ಲಿ?"

"ಇಲ್ಲೇ ಇದಾನೆ, ಪಕ್ಕದಲ್ಲಿ."

ಹಿಂದಿನಿಂದ ಎಬ್ಬೆಯ ಪಿಸುಮಾತು ಕೇಳಿಸಿತು, ಮೇಷ್ಟ್ರ ಪಿಸುಮಾತು, ಇಡೀ ತರಗತಿಗೆ ಕೇಳುವಂಥದ್ದು. "ಏನೂ ಹೇಳ್ಬೇಡ! ಬಾಯ್ಬಡುಕಿ ಅವ್ಳು! ಫೋನಿಡು!"

 "ತೋರಾ," ಎಂದೆ, "ಎದ್ದಿದ್ಯಾ? ಒಂದೇ ಮಾತು ಹೇಳು. ಎಷ್ಟು ಎದ್ದಿದೆ?"

 ಆ ಕಡೆ ತೋರಾ ಗಂಟಲು ಸರಿ ಮಾಡಿಕೊಂಡಳು.

"ಈ ಸಲ ನಮ್ಮ ಕಡೆ," ಎಂದಳು, "ಮಳೆ ತುಂಬಾ ಚೆನ್ನಾಗಾಗಿದೆ."